ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್: ಬಳ್ಳಾರಿ, ಕೊಪ್ಪಳ, ರಾಯಚೂರಿನ ಮಕ್ಕಳಿಗೆ ಎಷ್ಟರ ಮಟ್ಟಿಗೆ ಉಪಯೋಗ?

ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ದೋಣಿಮಲೈ ಗಣಿ, ಕುಡಿತಿನಿ ಮತ್ತು ಶಕ್ತಿನಗರದ ವಿದ್ಯುತ್ ಸ್ಥಾವರಗಳು, ಗಿಣಿಗೇರಾ ಸುತ್ತಲಿನ ಸ್ಟೀಲ್ ಪ್ಲಾಂಟುಗಳು, ಹಟ್ಟಿ ಚಿನ್ನದ ಗಣಿ. ಇಷ್ಟೆಲ್ಲ ಇರುವ ಸೀಮೆಯಲ್ಲೂ ಹತ್ತನೇ ಕ್ಲಾಸೋ ಐಟಿಐಯೋ ಮುಗಿಸಿದ ಮಕ್ಕಳು ‘ಎಲ್ಲಿ ಅರ್ಜಿ ಹಾಕಬೇಕು’ ಅನ್ನುವುದೇ ಗೊತ್ತಾಗದೆ ವರ್ಷ ಕಳೆಯುತ್ತಾರೆ. ಅವರಿಗೆ ಎಲ್ಲರೂ ಹೇಳುವುದು ಒಂದೇ: ಕಂಪನಿಗಳಲ್ಲಿ ಕೆಲಸ ಕಲಿಯುವ (ಅಪ್ರೆಂಟಿಸ್) ಜಾಗಗಳಿಗಾಗಿ ಇರುವ ಕೇಂದ್ರ ಸರ್ಕಾರದ ವೆಬ್‌ಸೈಟ್, ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸು ಅಂತ. ಹೇಳಿದ್ದು ಸರಿಯೇ, ಆದರೆ ಅರ್ಧ ಮಾತು. ಜಾಗ ಹುಡುಕಿಕೊಡುವ ವಿಷಯದಲ್ಲಿ ಈ ಪೋರ್ಟಲ್‌ಗೆ ಐದಕ್ಕೆ ಎರಡು ಅಂಕ ಕೊಡಬಹುದು. ಸಿಕ್ಕ ಜಾಗಕ್ಕೆ ಕರಾರು ಮಾಡಿಸಿ, ಸ್ಟೈಪೆಂಡ್ (ಕಲಿಯುವಾಗ ತಿಂಗಳಿಗೆ ಸಿಗುವ ಹಣ) ಮತ್ತು ಸರ್ಟಿಫಿಕೇಟ್ ಎರಡನ್ನೂ ಕಾಯುವ ವಿಷಯದಲ್ಲಿ ಐದಕ್ಕೆ ನಾಲ್ಕು ಧಾರಾಳವಾಗಿ ಕೊಡಬಹುದು. ಮನೆಯವರು, ಮೇಷ್ಟ್ರು, ಅಣ್ಣ, ಅಕ್ಕ, ಯಾರೇ ಸಹಾಯಕ್ಕೆ ಕೂತರೂ ಈ ವ್ಯತ್ಯಾಸ ತಿಳಿದು ಕೂತರೆ ಮಕ್ಕಳ ಆರು ತಿಂಗಳು ಉಳಿಯುತ್ತದೆ.

ನೋಂದಣಿಗೆ ದುಡ್ಡಿಲ್ಲ. ಮೊಬೈಲ್ ನಂಬರ್, ಇಮೇಲ್, ಆಧಾರ್, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಐಟಿಐ ಆಗಿದ್ದರೆ ಅದರ ಸರ್ಟಿಫಿಕೇಟ್, ಬ್ಯಾಂಕ್ ಪಾಸ್‌ಬುಕ್, ಫೋಟೊ ಸಾಕು. ಗ್ರಾಮ ಒನ್‌ನಲ್ಲೋ ಸೈಬರ್ ಸೆಂಟರ್‌ನಲ್ಲೋ ಮಾಡಿಸಿದರೆ ಅವರ ಕೆಲಸದ ಚಾರ್ಜು ಮಾತ್ರ. ಅಲ್ಲಿ ಒಂದು ಎಚ್ಚರಿಕೆ ಬೇಕು. ಸೆಂಟರ್‌ನವರ ಇಮೇಲ್, ಅವರ ಮೊಬೈಲ್ ನಂಬರ್ ಹಾಕಿಸಿಕೊಳ್ಳಬೇಡಿ. ಕಂಪನಿ ಕರೆದಾಗ ಮೆಸೇಜ್ ಹೋಗುವುದು ಆ ನಂಬರಿಗೆ, ಆಮೇಲೆ ಕರಾರು ಒಪ್ಪಿಕೊಳ್ಳಲು ಲಾಗಿನ್ ಆಗಬೇಕಾದದ್ದೂ ಅದರಿಂದಲೇ. ಮಗುವಿನ ಹೆಸರಲ್ಲೇ ಒಂದು ಇಮೇಲ್ ತೆಗೆದು, ಪಾಸ್‌ವರ್ಡ್ ಮನೆಯ ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಹೆಚ್ಚಿನವರು ಎಡವುವುದು ಹೆಸರಿನಲ್ಲಿ. ಮಾರ್ಕ್ಸ್ ಕಾರ್ಡಿನಲ್ಲಿ ‘ಕೆ ಬಸವರಾಜ’, ಆಧಾರ್‌ನಲ್ಲಿ ‘ಬಸವರಾಜ್ ತಂದೆ ಕರಿಯಪ್ಪ’, ಬ್ಯಾಂಕಿನಲ್ಲಿ ಬರೀ ‘ಬಸವರಾಜ’. ನಮ್ಮ ಕಡೆ ಇದು ಮನೆಮನೆಯ ಕಥೆ. ಇಲ್ಲಿ ಆಧಾರನ್ನೇ ಮಾರ್ಕ್ಸ್ ಕಾರ್ಡಿಗೆ ಹೊಂದುವಂತೆ ತಿದ್ದಿಸುವುದು ಸುಲಭದ ದಾರಿ. ಮಾರ್ಕ್ಸ್ ಕಾರ್ಡ್ ತಿದ್ದುಪಡಿಗೆ ಶಾಲೆ, ಬೋರ್ಡು ಅಂತ ಅಲೆಯಬೇಕು. ಆದರೆ ಆಧಾರ್‌ನಲ್ಲಿ ಹೆಸರು ಬದಲಾಯಿಸಲು ಅವಕಾಶ ಎರಡೇ ಸಲ, ಹುಟ್ಟಿದ ದಿನಾಂಕಕ್ಕೆ ಒಂದೇ ಸಲ. ಅಕ್ಷರ ಅಕ್ಷರ ನೋಡಿ ಕೊಡಿ. ಇನ್ನೊಂದು: ಮಗುವಿಗೆ 15 ತುಂಬಿದ ಮೇಲೆ ಬೆರಳಚ್ಚು, ಕಣ್ಣು, ಫೋಟೊ ಆಧಾರ್‌ಗೆ ಹೊಸದಾಗಿ ಕೊಡಬೇಕು. 17ರೊಳಗೆ ಮಾಡಿಸಿದರೆ ಅದಕ್ಕೆ ಶುಲ್ಕವಿಲ್ಲ. ಆಗಲೇ ಮೊಬೈಲ್ ನಂಬರನ್ನೂ ಸರಿಪಡಿಸಿ. ಅಪ್ಪ ಎಂದೋ ಬಿಸಾಡಿದ ಸಿಮ್ಮಿನ ನಂಬರ್ ಆಧಾರ್‌ನಲ್ಲಿ ಉಳಿದಿದ್ದರೆ ಒಟಿಪಿ ಯಾವತ್ತೂ ಬರುವುದಿಲ್ಲ.

ಈಗ ಹುಡುಕಾಟಕ್ಕೆ ಬರೋಣ. ಜಿಲ್ಲೆ, ಟ್ರೇಡ್ (ಕಲಿಯುವ ಕಸುಬು), ಓದು ಹಾಕಿ ಹುಡುಕಿದರೆ ಕಂಪನಿಗಳ ಪಟ್ಟಿ ಬರುತ್ತದೆ. ‘ಬಳ್ಳಾರಿ’ಯನ್ನು ಇಂಗ್ಲಿಷಿನ ಹಳೆ ಕಾಗುಣಿತ, ಹೊಸ ಕಾಗುಣಿತ ಎರಡರಲ್ಲೂ ಹಾಕಿ ನೋಡಿ. ಹೊಸಪೇಟೆ 2021ರಲ್ಲಿ ವಿಜಯನಗರ ಜಿಲ್ಲೆಗೆ ಹೋಯಿತು, ಅದನ್ನೂ ಬೇರೆಯಾಗಿ ಹುಡುಕಿ. ಮುಖ್ಯ ಕಚೇರಿ ಬೆಂಗಳೂರಿನಲ್ಲೋ ಮುಂಬೈಯಲ್ಲೋ ಇರುವ ಕಂಪನಿಯನ್ನು ಅದರ ಹೆಸರಿನಿಂದಲೇ ಹುಡುಕುವುದು ಒಳ್ಳೆಯದು. ಇಷ್ಟು ಮಾಡಿಯೂ ಹತ್ತು ಅರ್ಜಿಗೆ ಒಂದು ಉತ್ತರವೂ ಬರದಿರಬಹುದು. ಕಾರಣ ಸರಳ. 30 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು ಅಂತ ಕಾನೂನಿದೆ. ಹಾಗಾಗಿ ಪೋರ್ಟಲ್‌ನಲ್ಲಿ ಜಾಗ ತೋರಿಸುತ್ತಾರೆ. ಆದರೆ ಹುಡುಗರನ್ನು ಆರಿಸುವುದು ಐಟಿಐಗೆ ಬಂದು, ಇಲ್ಲವೇ ಮೇಳದಲ್ಲಿ. ಬಂದ ಅರ್ಜಿಗಳನ್ನು ತೆರೆದು ನೋಡುವವರು ಕಡಿಮೆ.

ಆದ್ದರಿಂದ ಪೋರ್ಟಲ್‌ನ ನೋಂದಣಿ ನಂಬರ್ ಕೈಯಲ್ಲಿ ಹಿಡಿದು ಹೊರಗೆ ಓಡಾಡಬೇಕು. ಪ್ರಧಾನಮಂತ್ರಿ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಮೇಳ 2022ರಿಂದ ತಿಂಗಳಿಗೊಮ್ಮೆ, ಸಾಮಾನ್ಯವಾಗಿ ಎರಡನೇ ಸೋಮವಾರ, ಆಯ್ದ ಐಟಿಐಗಳಲ್ಲಿ ನಡೆಯುತ್ತದೆ. ಯಾವ ತಿಂಗಳು ಯಾವ ಊರಲ್ಲಿ ಅನ್ನುವುದನ್ನು ಹತ್ತಿರದ ಸರ್ಕಾರಿ ಐಟಿಐನಲ್ಲಿ ಹಿಂದಿನ ವಾರವೇ ಕೇಳಿಕೊಳ್ಳಿ. ಬಯೋಡಾಟಾ ಮೂರು ಪ್ರತಿ, ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ಮೂರು ಸೆಟ್, ಒಂದು ಸೆಟ್ ಅಸಲು. ಕಂಪನಿಯ ಟೇಬಲ್ಲಿನ ಮುಂದೆ ಮಗುವೇ ಮಾತಾಡಲಿ, ಜೊತೆಗೆ ಬಂದವರು ಹಿಂದೆ ನಿಲ್ಲಲಿ. ಕೇಳುವುದು ಬಹಳ ಇರುವುದಿಲ್ಲ: ಯಾವ ಟ್ರೇಡ್, ವರ್ನಿಯರ್ ಕ್ಯಾಲಿಪರ್ ಓದಲು ಬರುತ್ತದಾ, ಶಿಫ್ಟಿಗೆ ಬರುತ್ತೀಯಾ, ಎಲ್ಲಿ ಉಳಿಯುತ್ತೀಯಾ. ಕೊನೆಯ ಪ್ರಶ್ನೆಗೆ ಮೊದಲೇ ಉತ್ತರ ಇಟ್ಟುಕೊಳ್ಳಿ. ತೋರಣಗಲ್ಲು, ಗಿಣಿಗೇರಾ ಎರಡೂ ರೈಲು ಮಾರ್ಗದ ಮೇಲಿನ ಊರುಗಳು. ತಿಂಗಳ ಪಾಸ್ ಮಾಡಿಸಿದರೆ ಬಸ್ಸಿಗಿಂತ ಎಷ್ಟೋ ಅಗ್ಗ. ಆದರೆ ಶಿಫ್ಟಿನ ಹೊತ್ತಿಗೂ ರೈಲಿನ ಹೊತ್ತಿಗೂ ಹೊಂದುತ್ತದೆಯೇ ಅಂತ ಸಮಯ ನೋಡಿಯೇ ಹೂಂ ಅನ್ನಬೇಕು.

ವಯಸ್ಸಿನ ಲೆಕ್ಕವನ್ನು ಪೋರ್ಟಲ್ ಎದ್ದು ಕಾಣುವಂತೆ ತೋರಿಸುವುದಿಲ್ಲ, ಇದು ಅದರ ದೊಡ್ಡ ಕೊರತೆ. ಅಪ್ರೆಂಟಿಸ್ ಕಾಯ್ದೆ 1961ರ ಪ್ರಕಾರ 14 ತುಂಬಿದ್ದರೆ ಸಾಕು, ಆದರೆ ಅಪಾಯಕಾರಿ ಉದ್ದಿಮೆಗಳ ಟ್ರೇಡ್‌ಗಳಿಗೆ 18 ಆಗಿರಬೇಕು. ನಮ್ಮ ಸೀಮೆಯ ದೊಡ್ಡ ಕಾರ್ಖಾನೆಗಳು ಕುಲುಮೆ, ಗಣಿ, ಬಾಯ್ಲರ್ ಇರುವಂಥವು. 16ರ ಹುಡುಗನಿಗೆ ಅಲ್ಲಿ ಕಾಯುತ್ತ ಕೂರಿಸುವ ಬದಲು ಎರಡು ವರ್ಷದ ಐಟಿಐಗೆ ಸೇರಿಸಿ, 18ಕ್ಕೆ ಫಿಟ್ಟರ್ ಅಥವಾ ಎಲೆಕ್ಟ್ರಿಷಿಯನ್ ಸರ್ಟಿಫಿಕೇಟಿನ ಜೊತೆ ಕಳಿಸುವುದು ಜಾಣತನ. ಸ್ಟೈಪೆಂಡೂ ಜಾಸ್ತಿ ಸಿಗುತ್ತದೆ.

ಇನ್ನು ಹೇಳುವುದನ್ನು ಎರಡು ಸಲ ಓದಿ. ಪೋರ್ಟಲ್‌ನಲ್ಲಿ ಡೆಸಿಗ್ನೇಟೆಡ್ ಟ್ರೇಡ್, ಆಪ್ಷನಲ್ ಟ್ರೇಡ್ ಅಂತ ಎರಡು ಬಗೆ ಇದೆ. ಫಿಟ್ಟರ್, ವೆಲ್ಡರ್, ಟರ್ನರ್, ಎಲೆಕ್ಟ್ರಿಷಿಯನ್ ಡೆಸಿಗ್ನೇಟೆಡ್‌ನವು. ಕೊನೆಗೆ ಅಖಿಲ ಭಾರತ ಟ್ರೇಡ್ ಟೆಸ್ಟ್ ಬರೆದು ಪಾಸಾದರೆ ನ್ಯಾಷನಲ್ ಅಪ್ರೆಂಟಿಸ್‌ಶಿಪ್ ಸರ್ಟಿಫಿಕೇಟ್ ಬರುತ್ತದೆ. ಆಪ್ಷನಲ್ ಅಂದರೆ ಕಂಪನಿ ತನ್ನ ಅಗತ್ಯಕ್ಕೆ ರೂಪಿಸಿಕೊಂಡ 6ರಿಂದ 36 ತಿಂಗಳ ತರಬೇತಿ: ಮಳಿಗೆ, ಗೋದಾಮು, ಹೊಲಿಗೆ ಇತ್ಯಾದಿ. ಬೇಗ ಸಿಗುವುದು ಆಪ್ಷನಲ್ಲೇ. ಸಿಕ್ಕಿದ್ದಕ್ಕೆ ಕಣ್ಣು ಮುಚ್ಚಿ ‘ಒಪ್ಪಿದೆ’ ಅಂತ ಒತ್ತುವ ಮೊದಲು ರೈಲ್ವೆಯನ್ನು ನೆನಪಿಸಿಕೊಳ್ಳಿ. ಹುಬ್ಬಳ್ಳಿಯ ರೈಲ್ವೆ ನೇಮಕಾತಿ ಕೋಶ ನೈಋತ್ಯ ರೈಲ್ವೆಗೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವಾಗ ತನ್ನದೇ ವೆಬ್‌ಸೈಟಿನಲ್ಲಿ ಅರ್ಜಿ ಕರೆಯುತ್ತದೆ. ಪರೀಕ್ಷೆಯಿಲ್ಲ, ಸಂದರ್ಶನವಿಲ್ಲ. ಹತ್ತನೇ ಕ್ಲಾಸಿನ ಮತ್ತು ಐಟಿಐನ ಅಂಕಗಳ ಸರಾಸರಿ ಮೇಲೆ ಪಟ್ಟಿ ಕಟ್ಟುತ್ತಾರೆ. ವಯಸ್ಸು 15ರಿಂದ 24, ಹತ್ತರಲ್ಲಿ ಶೇ 50 ಇರಬೇಕು. ಶುಲ್ಕ 100 ರೂಪಾಯಿ, ಎಸ್ಸಿ, ಎಸ್ಟಿ, ಅಂಗವಿಕಲರು ಮತ್ತು ಹೆಣ್ಣುಮಕ್ಕಳಿಗೆ ಅದೂ ಇಲ್ಲ. ರೈಲ್ವೆಯಲ್ಲೇ ಅಪ್ರೆಂಟಿಸ್ ಮುಗಿಸಿ ಸರ್ಟಿಫಿಕೇಟ್ ಪಡೆದವರಿಗೆ ಲೆವೆಲ್-1 (ರೈಲ್ವೆಯ ಮೊದಲ ಹಂತದ) ಹುದ್ದೆಗಳ ನೇರ ನೇಮಕಾತಿಯಲ್ಲಿ ಶೇ 20 ಜಾಗ ಮೀಸಲಿದೆ. ಈಗಾಗಲೇ ಬೇರೆ ಕಡೆ ಅಪ್ರೆಂಟಿಸ್ ಮಾಡಿದವರು, ಮಾಡುತ್ತಿರುವವರು ರೈಲ್ವೆ ಅರ್ಜಿಗೆ ಅರ್ಹರಲ್ಲ ಅಂತ ಅಧಿಸೂಚನೆಗಳಲ್ಲಿ ಬರುತ್ತದೆ. ಆರು ತಿಂಗಳ ಒಂದು ಕರಾರಿನಿಂದ ಫಿಟ್ಟರ್ ಓದಿದ ಹುಡುಗನಿಗೆ ಆ ಬಾಗಿಲು ಮುಚ್ಚಿಹೋಗಬಾರದು. ಐಟಿಐ ಮುಗಿಸಿದವರು ಮೊದಲು ರೈಲ್ವೆ, ಗಣಿ, ವಿದ್ಯುತ್ ಸ್ಥಾವರದಂಥ ಕಡೆ ಒಂದು ಸುತ್ತು ಅರ್ಜಿ ಹಾಕಿ, ಆಮೇಲೆ ಖಾಸಗಿಯ ಡೆಸಿಗ್ನೇಟೆಡ್ ನೋಡಲಿ. ಬರೀ ಹತ್ತನೇ ಕ್ಲಾಸಿನವರಿಗೆ, ಮುಂದೆ ಐಟಿಐ ಮಾಡುವ ಮನಸ್ಸಿಲ್ಲದಿದ್ದರೆ, ಆಪ್ಷನಲ್ ತಪ್ಪೇನಲ್ಲ.

ದುಡ್ಡಿನ ವಿಷಯದಲ್ಲಿ ಪೋರ್ಟಲ್ ಮೆಚ್ಚುವ ಹಾಗಿದೆ. 2019ರ ನಿಯಮ ಗೊತ್ತು ಮಾಡಿದ ಕನಿಷ್ಠ ಸ್ಟೈಪೆಂಡ್ ಹೀಗಿದೆ: 5ರಿಂದ 9ನೇ ತರಗತಿ ಓದಿದವರಿಗೆ 5,000, ಹತ್ತು ಪಾಸಾದವರಿಗೆ 6,000, ಪಿಯುಸಿ ಅಥವಾ ಐಟಿಐ ಆದವರಿಗೆ 7,000 ರೂಪಾಯಿ. ಎರಡನೇ ವರ್ಷ ಶೇ 10, ಮೂರನೇ ವರ್ಷ ಶೇ 15 ಏರಿಕೆ. ಇದಕ್ಕಿಂತ ಕಡಿಮೆ ಕೊಡುವಂತಿಲ್ಲ, ಹೆಚ್ಚು ಕೊಡಬಹುದು. ಇದರಲ್ಲಿ ಕೇಂದ್ರ ಸರ್ಕಾರ ಶೇ 25ನ್ನು, ತಿಂಗಳಿಗೆ 1,500 ಮೀರದಂತೆ, ತಾನೇ ಕೊಡುತ್ತದೆ. 2023ರ ಆಗಸ್ಟ್‌ನಿಂದ ಆ ಪಾಲು ನೇರ ಮಗುವಿನ ಖಾತೆಗೆ ಬರುತ್ತದೆ. ಐಟಿಐ ಹುಡುಗನ ಪಾಸ್‌ಬುಕ್ಕಿನಲ್ಲಿ ಕಂಪನಿಯಿಂದ 5,500 ಮಾತ್ರ ಬಂದರೆ ಮೋಸ ಅಂದುಕೊಳ್ಳಬೇಡಿ, ಉಳಿದ 1,500 ಬೇರೆಯಾಗಿ, ತಡವಾಗಿ ಬರುತ್ತದೆ. ಕಂಪನಿ ತನ್ನ ಪಾಲು ಕೊಟ್ಟದ್ದನ್ನು ಪೋರ್ಟಲ್‌ನಲ್ಲಿ ದಾಖಲಿಸಿದ ಮೇಲೆಯೇ ಸರ್ಕಾರದ ಪಾಲು ಹೊರಡುವುದು. ಮೂರು ತಿಂಗಳಾದರೂ ಬರಲಿಲ್ಲವೆಂದರೆ ಎರಡು ಕಡೆ ನೋಡಿ. ಕಂಪನಿಯ ಎಚ್‌ಆರ್ ದಾಖಲಿಸಿದ್ದಾರಾ? ಆಧಾರ್ ಯಾವ ಬ್ಯಾಂಕಿಗೆ ಸೀಡ್ ಆಗಿದೆ, ಅಂದರೆ ಸರ್ಕಾರದ ಹಣ ಬರಲು ಜೋಡಣೆಯಾಗಿದೆ? ಪಾಸ್‌ಬುಕ್ ಒಂದು ಬ್ಯಾಂಕಿನದು ಕೊಟ್ಟು, ಆಧಾರ್ ಸೀಡಿಂಗ್ ಇನ್ನೊಂದಕ್ಕೆ ಆಗಿದ್ದರೆ ಹಣ ಹೋಗುವುದು ಸೀಡ್ ಆದ ಖಾತೆಗೆ. ಮೈಆಧಾರ್ ವೆಬ್‌ಸೈಟಿನಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಒತ್ತಿದರೆ ಬ್ಯಾಂಕಿನ ಹೆಸರು ಕಾಣುತ್ತದೆ. ಶಾಲೆಯ ಸ್ಕಾಲರ್‌ಶಿಪ್‌ಗೆಂದು ತೆರೆದು ಎರಡು ವರ್ಷ ಮುಟ್ಟದ ಖಾತೆಯಾದರೆ ಅದು ನಿಷ್ಕ್ರಿಯವಾಗಿರಬಹುದು. 18 ತುಂಬಿದವರು ಹೊಸದಾಗಿ ಕೆವೈಸಿ ಕೊಡಬೇಕು. ಸೇರುವ ಮೊದಲೇ ನೂರು ರೂಪಾಯಿ ಹಾಕಿ ತೆಗೆದು ನೋಡಿ.

ಕರಾರು ಇಲ್ಲದೆ ಗೇಟಿನ ಒಳಗೆ ಕಾಲಿಡಬೇಡಿ. ಈ ಒಂದು ಮಾತಿಗಾಗಿಯೇ ಪೋರ್ಟಲ್‌ಗೆ ನಾಲ್ಕು ಅಂಕ. ಲೇಬರ್ ಗುತ್ತಿಗೆದಾರರು ‘ಅಪ್ರೆಂಟಿಸ್ ಅಂತ ಹಾಕಿಸ್ತೀನಿ’ ಅಂದು ಹುಡುಗರನ್ನು ಕರೆದೊಯ್ದು, ಕೊನೆಗೆ ಸರ್ಟಿಫಿಕೇಟೂ ಇಲ್ಲ, ದಾಖಲೆಯೂ ಇಲ್ಲ ಅನ್ನುವಂತೆ ಮಾಡುವುದುಂಟು. ಪೋರ್ಟಲ್‌ನಲ್ಲಿ ಕರಾರಿನ ನಂಬರ್ ಹುಟ್ಟಿದೆಯೇ, ಅದರಲ್ಲಿ ಟ್ರೇಡ್, ಶುರುವಾಗುವ ಮತ್ತು ಮುಗಿಯುವ ದಿನಾಂಕ, ಸ್ಟೈಪೆಂಡ್ ಸರಿಯಾಗಿವೆಯೇ ನೋಡಿ, ಪಿಡಿಎಫ್ ಇಳಿಸಿಕೊಳ್ಳಿ. 18 ಆಗದವರ ಪರವಾಗಿ ತಂದೆತಾಯಿ ಅಥವಾ ಪೋಷಕರು ಸಹಿ ಹಾಕಬೇಕು. ಡಿಪಾಸಿಟ್, ಟ್ರೈನಿಂಗ್ ಫೀಸು ಅಂತ ಯಾರಾದರೂ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಬಳ್ಳಾರಿಯ ಜೀನ್ಸ್ ಘಟಕಗಳಿಗೆ ಹೋಗುವ ಹುಡುಗಿಯರಿಗೆ ಇದು ಇನ್ನೂ ಮುಖ್ಯ. ಅಲ್ಲಿ ಪೀಸಿನ ಲೆಕ್ಕದ ಕೂಲಿ ರೂಢಿ. ಅಪ್ರೆಂಟಿಸ್‌ಗೆ ಪೀಸಿನ ಲೆಕ್ಕದಲ್ಲಿ ಹಣ ಕೊಡುವುದನ್ನು ಕಾಯ್ದೆಯೇ ನಿಷೇಧಿಸಿದೆ, ತಿಂಗಳ ಸ್ಟೈಪೆಂಡೇ ಕೊಡಬೇಕು. ಅಪ್ರೆಂಟಿಸ್‌ಶಿಪ್ ಅಡ್ವೈಸರ್ (ಈ ಕಾಯ್ದೆಯ ಜಾರಿ ನೋಡಿಕೊಳ್ಳುವ ಸರ್ಕಾರಿ ಅಧಿಕಾರಿ) ಒಪ್ಪಿಗೆಯಿಲ್ಲದೆ ಓವರ್‌ಟೈಮ್ ಮಾಡಿಸುವಂತಿಲ್ಲ. ಕೆಲಸದಲ್ಲಿ ಗಾಯವಾದರೆ ಪರಿಹಾರ ಮಾಲೀಕರ ಹೊಣೆ. ಹಾಗೆಯೇ ಅಪ್ರೆಂಟಿಸ್ ಅಂದರೆ ಕಲಿಯುವವರು, ನೌಕರರಲ್ಲ. ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತ ಕಂಪನಿಗೆ ಕಟ್ಟುಪಾಡಿಲ್ಲ. ಮಧ್ಯದಲ್ಲಿ ಬಿಟ್ಟುಹೋಗುವ ಹಾಗಿದ್ದರೆ ಸುಮ್ಮನೆ ಗೈರುಹಾಜರಾಗದೆ ಕರಾರು ರದ್ದು ಮಾಡಿಸಿಕೊಂಡೇ ಬರಬೇಕು, ಇಲ್ಲವೆಂದರೆ ತರಬೇತಿ ವೆಚ್ಚ ಕೇಳುವ ಅವಕಾಶ ಕಂಪನಿಗಿದೆ.

ಟ್ರೇಡ್ ಟೆಸ್ಟಿಗೆ ಕೂರುವವರು ಹಾಲ್ ಟಿಕೆಟ್ ಬರುವ ತನಕ ಕಾಯದೆ, ಎರಡು ತಿಂಗಳು ಮುಂಚೆಯೇ ಪೋರ್ಟಲ್‌ನಲ್ಲಿ ತಮ್ಮ ಫೋಟೊ, ಟ್ರೇಡ್, ತಂದೆಯ ಹೆಸರು ಸರಿಯಿದೆಯೇ ನೋಡಿಕೊಳ್ಳಬೇಕು. ತಪ್ಪಿದ್ದರೆ ಕಂಪನಿಯ ತರಬೇತಿ ವಿಭಾಗಕ್ಕೆ ಲಿಖಿತವಾಗಿ ಕೊಟ್ಟು, ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಅವರು ಕೈ ಎತ್ತಿದರೆ ನಿಮ್ಮ ಜಿಲ್ಲೆಗೆ ಅಪ್ರೆಂಟಿಸ್‌ಶಿಪ್ ಅಡ್ವೈಸರ್ ಯಾರು ಅಂತ ಸರ್ಕಾರಿ ಐಟಿಐ ಪ್ರಾಂಶುಪಾಲರ ಹತ್ತಿರ ಕೇಳಿ, ಅದೇ ಪ್ರತಿಯನ್ನು ಅಲ್ಲಿಗೆ ಒಯ್ಯಿರಿ.