ಪೋರ್ಟ್ ಮಾಡಿಸಿದರೆ ಹಳೇ ಬ್ಯಾಲೆನ್ಸ್ ಬರುವುದಿಲ್ಲ, ಯಾರು ಹೇಳಿದರೂ ನಂಬಬೇಡಿ

ಬಸ್ ಸ್ಟ್ಯಾಂಡು, ಸಂತೆ, ಜಾತ್ರೆ, ಎಲ್ಲಿ ಹೋದರೂ ಬಣ್ಣದ ಛತ್ರಿ ನೆಟ್ಟುಕೊಂಡು ಸಿಮ್ ಮಾರುವ ಹುಡುಗರು ಕೂತಿರುತ್ತಾರೆ. ಅವರಲ್ಲಿ ಯಾರಾದರೂ ‘ನಂಬರ್ ಅದೇ ಇರತ್ತೆ, ಬ್ಯಾಲೆನ್ಸೂ ಬರತ್ತೆ’ ಎಂದರೆ ಮೊದಲರ್ಧ ಮಾತ್ರ ನಿಜ. ಇನ್ನರ್ಧ ನಂಬಿದ ನಮ್ಮ ಚಿಕ್ಕಪ್ಪನ ವರ್ಷದ ರೀಚಾರ್ಜ್ ನೀರುಪಾಲಾಯಿತು.

ಸಾಗರದ ಕಡೆ ಅವರ ಅಡಿಕೆ ತೋಟ. ಅಂಗಳದಲ್ಲಿ ನಿಂತರೆ ಒಂದು ಕಡ್ಡಿ ಸಿಗ್ನಲ್, ತೋಟಕ್ಕಿಳಿದರೆ ಅದೂ ಇಲ್ಲ. ನಂಬರ್ ಬದಲಿಸೋಣವೆಂದರೆ ಬ್ಯಾಂಕು, ಗ್ಯಾಸು, ಆಧಾರ್, ಅಡಿಕೆ ಮಂಡಿ ಎಲ್ಲಕ್ಕೂ ಅದೇ ಕೊಟ್ಟಿದ್ದಾರೆ. ಹಾಗಾಗಿ ನಂಬರ್ ಅದೇ ಇಟ್ಟುಕೊಂಡು ಕಂಪನಿ ಮಾತ್ರ ಬದಲಿಸಲು, ಅಂದರೆ ಪೋರ್ಟ್ ಮಾಡಿಸಲು ಹೊರಟರು. ತಿಂಗಳು ತಿಂಗಳು ರೀಚಾರ್ಜ್ ಮಾಡಿಸುವ ಗೋಜು ಬೇಡವೆಂದು ಮೂರು ಸಾವಿರಕ್ಕೂ ಮೇಲಿನ ವರ್ಷದ ಪ್ಯಾಕ್ ಹಾಕಿಸಿದ್ದರು. ಅರ್ಧಕ್ಕಿಂತ ಹೆಚ್ಚು ಅವಧಿ ಬಾಕಿ ಇತ್ತು. ಅದನ್ನು ಕೇಳಿಯೂ ಕೇಳಿದ್ದಾರೆ.

‘ಎಲ್ಲಾ ಹೊಸ ಸಿಮ್ಮಿಗೇ ಬರತ್ತೆ ಅಂಕಲ್, ಫೋನ್ ಕೊಡಿ ಇಲ್ಲಿ.’

ಹುಡುಗನೇ 1900ಕ್ಕೆ ಮೆಸೇಜ್ ಕಳಿಸಿದ, ಬಂದ ಕೋಡ್ ಹಾಕಿದ, ಫೋಟೋ ತೆಗೆದ, ಫಸ್ಟ್ ರೀಚಾರ್ಜ್ ಅಂತ ದುಡ್ಡೂ ಇಸ್ಕೊಂಡ. ಹಳೇ ಪ್ಯಾಕ್ ಬರುವುದಾದರೆ ಇದ್ಯಾಕಪ್ಪಾ ಎಂದರೆ, ‘ಸಿಮ್ ಆಕ್ಟಿವ್ ಆಗೋಕೆ ಅಂಕಲ್.’ ಉತ್ತರಕ್ಕೇನೂ ಬರವಿಲ್ಲ.

ಹಳೇ ಸಿಮ್ ಬಂದ್ ಆಗಿ ಹೊಸದು ಶುರುವಾದಾಗ ಅದರಲ್ಲಿದ್ದದ್ದು ಫಸ್ಟ್ ರೀಚಾರ್ಜಿನ 28 ದಿನ ಮಾತ್ರ. ನಾನೇ ಫೋನ್ ಮಾಡಿದೆ. ‘ಸರ್, ಈ ನಂಬರ್ ಈಗ ನಮ್ಮ ನೆಟ್‌ವರ್ಕಿನಲ್ಲಿಲ್ಲ’ ಎಂದಿತು ಹಳೇ ಕಂಪನಿ. ಹೊಸದು, ಅದಕ್ಕೂ ನಮಗೂ ಸಂಬಂಧವಿಲ್ಲ ಎಂದಿತು. ಮುಂದಿನ ಸಂತೆಯಲ್ಲಿ ಆ ಜಾಗದಲ್ಲಿ ಛತ್ರಿಯೇ ಇಲ್ಲ. ಹೊಟ್ಟೆ ಉರಿಯುವುದು ಯಾಕೆಂದರೆ ನಿಯಮ ನೋಡಿದರೆ ಎರಡೂ ಕಂಪನಿ ಹೇಳಿದ್ದು ಸರಿ. ಪ್ರೀಪೇಯ್ಡ್ ನಂಬರ್ ಪೋರ್ಟ್ ಆದ ಕ್ಷಣಕ್ಕೆ ಉಳಿದ ಬ್ಯಾಲೆನ್ಸ್ ಲ್ಯಾಪ್ಸ್. ಟಾಕ್‌ಟೈಮ್, ಡೇಟಾ, ವ್ಯಾಲಿಡಿಟಿ ಯಾವುದೂ ಜೊತೆಗೆ ಬರುವುದಿಲ್ಲ. ಸುಳ್ಳು ಹೇಳಿದ್ದು ಮಾರಿದವನು, ಬಾಯಲ್ಲಿ ಹೇಳಿದ್ದಕ್ಕೆ ನಮ್ಮ ಹತ್ತಿರ ಸಾಕ್ಷಿಯಿಲ್ಲ.

ಸರಿ, ವಾಪಸ್ ಹೋಗೋಣವೆಂದರೆ ಅದಕ್ಕೂ ಬೀಗ. ಹೊಸ ಕಂಪನಿಯಲ್ಲಿ 90 ದಿನ ಕಳೆಯದೆ ಮತ್ತೆ ಪೋರ್ಟ್ ಮಾಡುವಂತಿಲ್ಲ.

ಆದ್ದರಿಂದ ಪ್ಯಾಕ್ ಮುಗಿಯಲು ಬಂದಾಗಲೇ ಈ ಕೆಲಸಕ್ಕೆ ಕೈ ಹಾಕಿ. ಕರ್ನಾಟಕದ ನಂಬರನ್ನು ಕರ್ನಾಟಕದಲ್ಲೇ ಬದಲಿಸಲು 3 ಕೆಲಸದ ದಿನ. ಮುಂಬೈ ನಂಬರನ್ನು ಇಲ್ಲಿಗೆ ತರುವುದಾದರೆ 5. ಭಾನುವಾರ, ರಜೆ ಲೆಕ್ಕಕ್ಕಿಲ್ಲ. ಅಲ್ಲಿಯವರೆಗೆ ಹಳೇ ಸಿಮ್ಮೇ ಓಡುತ್ತದೆ, ಫೋನಿನಿಂದ ತೆಗೆಯಬೇಡಿ. PORT ಎಂದು ಬರೆದು, ಒಂದು ಜಾಗ ಬಿಟ್ಟು ನಂಬರ್ ಹಾಕಿ 1900ಕ್ಕೆ ಮೆಸೇಜ್ ಮಾಡಿದರೆ ಬರುವ ಯುಪಿಸಿ, ಅಂದರೆ ಪೋರ್ಟ್ ಮಾಡಿಸಲು ಕೊಡಬೇಕಾದ ಕೋಡ್, ನಮ್ಮಲ್ಲಿ 4 ದಿನ ಚಾಲ್ತಿಯಲ್ಲಿರುತ್ತದೆ, ಹಾಗಾಗಿ ಛತ್ರಿ ಕೆಳಗೆ ನಿಂತು ಆತುರಪಡಬೇಕಿಲ್ಲ. ನಿಮ್ಮ ಪ್ಯಾಕಲ್ಲಿ ಎಸ್ಸೆಮ್ಮೆಸ್ ಇಲ್ಲ, ದೊಡ್ಡ ರೀಚಾರ್ಜ್ ಮಾಡಿಸಿ ಎಂದರೆ ಒಪ್ಪಬೇಡಿ. ಯಾವ ಪ್ಯಾಕ್ ಇದ್ದರೂ 1900ಕ್ಕೆ ಮೆಸೇಜ್ ಹೋಗಬೇಕೆಂದು 2021ರ ಡಿಸೆಂಬರಿನಲ್ಲೇ ಫೋನ್ ಕಂಪನಿಗಳ ನಿಯಂತ್ರಣ ಸಂಸ್ಥೆ ಟ್ರಾಯ್ ಆದೇಶಿಸಿದೆ. ಕಳೆದುಹೋದ ಸಿಮ್ ಬದಲಿಗೆ ಹೊಸದು ತೆಗೆದುಕೊಂಡವರಿಗೆ ಮಾತ್ರ 2024ರ ಜುಲೈನಿಂದ 7 ದಿನ ಈ ಕೋಡ್ ಸಿಗುವುದಿಲ್ಲ. ಕಳ್ಳರು ನಿಮ್ಮ ಹೆಸರಲ್ಲಿ ಸಿಮ್ ತೆಗೆಸಿ ನಂಬರ್ ಹೊಡೆದುಕೊಂಡು ಹೋಗದಿರಲಿ ಎಂದು ಮಾಡಿದ ನಿಯಮ ಅದು, ಒಳ್ಳೆಯದೇ. ಫೋನಿನಲ್ಲಿ ಯಾರಾದರೂ ಯುಪಿಸಿ ಕೇಳಿದರೆ ಒಟಿಪಿ ಕೇಳಿದಂತೆಯೇ ಎಂದು ತಿಳಿದು ಫೋನ್ ಇಡಿ.

ಅರ್ಜಿ ಹಾಕಿಸಿ ಮನೆಗೆ ಬಂದ ಮೇಲೆ ಹಳೇ ಬ್ಯಾಲೆನ್ಸ್ ಬರುವುದಿಲ್ಲ ಎಂದು ಗೊತ್ತಾದರೆ 24 ಗಂಟೆ ಕಾಲಾವಕಾಶವಿದೆ. CANCEL ಎಂದು ಬರೆದು, ಜಾಗ ಬಿಟ್ಟು ನಿಮ್ಮ ನಂಬರ್ ಹಾಕಿ ಅದೇ 1900ಕ್ಕೆ ಕಳಿಸಿ. ಚಿಕ್ಕಪ್ಪ ನನಗೆ ವಿಷಯ ತಿಳಿಸುವ ಹೊತ್ತಿಗೆ ಆ ಅವಧಿ ಮುಗಿದಿತ್ತು.