ಮಕ್ಕಳ ವಾಲಿಬಾಲ್ ತರಬೇತಿ: ಶಿಬಿರ, ಕ್ಲಬ್ ತಂಡ, ಸಣ್ಣ ಗುಂಪು ಮೂರನ್ನೂ ನೋಡಿದ ಮೇಲೆ

ತರಬೇತಿಗೆ ಸೇರಿಸಲು ಹೋದರೆ ಎಲ್ಲ ಕಡೆ ಮೊದಲು ಕೇಳುವುದು ಮಗುವಿನ ವಯಸ್ಸು. ಆದರೆ 12 ವರ್ಷದ ಒಬ್ಬಳು ತಲೆಯ ಮೇಲಿನಿಂದ ಹೊಡೆಯುವ ಓವರ್‌ಹ್ಯಾಂಡ್ ಸರ್ವ್ ಸಲೀಸಾಗಿ ದಾಟಿಸುತ್ತಾಳೆ. ಅದೇ ವಯಸ್ಸಿನ ಇನ್ನೊಬ್ಬಳು ಕೆಳಗಿನಿಂದ ಹೊಡೆಯುವ ಅಂಡರ್‌ಹ್ಯಾಂಡ್ ಸರ್ವ್ ಕೂಡ ನೆಟ್‌ಗೆ ಬಡಿಯುತ್ತದೆ. ಇಬ್ಬರಿಗೂ ಒಂದೇ ಡ್ರಿಲ್ ಕೊಟ್ಟರೆ ಒಬ್ಬಳಿಗೆ ಬೇಸರ, ಇನ್ನೊಬ್ಬಳಿಗೆ ಭಯ, ಅಲ್ವಾ? ನನ್ನ ಮಗಳು ಈ ಇಬ್ಬರ ನಡುವೆ ಇದ್ದಳು. ನಿಧಾನವಾಗಿ ಬಂದ ಚೆಂಡನ್ನು ಚೆನ್ನಾಗಿ ಪಾಸ್ ಮಾಡುತ್ತಿದ್ದಳು, ಅಂದರೆ ಮುಂಗೈಯಿಂದ ತನ್ನ ತಂಡದವರಿಗೆ ಎತ್ತಿಕೊಡುತ್ತಿದ್ದಳು. ಜೋರು ಸರ್ವ್ ಬಂದರೆ ಚೆಂಡು ಎಲ್ಲೆಲ್ಲಿಗೋ ಹಾರುತ್ತಿತ್ತು.

ಮೊದಲು ರಜೆಯ ಶಿಬಿರ. ಮಕ್ಕಳು ಜಾಸ್ತಿ, ಚೆಂಡು ಕಮ್ಮಿ. ಸಾಲಿನಲ್ಲಿ ನಿಂತು, ಒಂದು ಸಲ ಹೊಡೆದು, ಮತ್ತೆ ಸಾಲಿನ ಹಿಂದಕ್ಕೆ. ಆಟದ ಆಸೆ ಹುಟ್ಟಿಸಲು ಇದು ಒಳ್ಳೆಯದೇ, ಗೆಳತಿಯರೂ ಸಿಕ್ಕರು. ಪಾಸ್ ಮಾತ್ರ ಇದ್ದಲ್ಲೇ ಇತ್ತು.

ಆಮೇಲೆ ಕ್ಲಬ್ ತಂಡ. ಆರು ಜನರ ಪೂರ್ತಿ ಆಟ ಅರ್ಥವಾಗುವುದು ಇಲ್ಲಿಯೇ. ಆಟಗಾರರು ಸರದಿಯಂತೆ ಜಾಗ ಬದಲಿಸುವ ರೊಟೇಶನ್‌ನಲ್ಲಿ ತಾನು ಎಲ್ಲಿ ನಿಲ್ಲಬೇಕು, ಇಬ್ಬರ ನಡುವೆ ಬಂದ ಚೆಂಡಿಗೆ ಯಾರು ಕೂಗಬೇಕು, ಎದುರು ತಂಡದಲ್ಲಿ ಹಾರಿ ಜೋರಾಗಿ ಹೊಡೆಯುವ ಸ್ಪೈಕರ್‌ನ ಭುಜ ಎತ್ತ ತಿರುಗಿದೆ, ಇದೆಲ್ಲ ಬೇರೆಲ್ಲೂ ಇಷ್ಟು ಬೇಗ ಬರುವುದಿಲ್ಲ. ಆದರೆ ತಂಡಕ್ಕೆ ಪಂದ್ಯ ಗೆಲ್ಲಬೇಕು. ಪಾಸ್ ಗಟ್ಟಿ ಇಲ್ಲದವಳನ್ನು ಮೂಲೆಗೆ ಸರಿಸಿ, ಅವಳ ಜಾಗವನ್ನೂ ಪಕ್ಕದವಳೇ ನೋಡಿಕೊಳ್ಳುತ್ತಾಳೆ. ಯಾರಿಗೆ ಅಭ್ಯಾಸ ಬೇಕೋ ಅವಳಿಗೇ ಚೆಂಡು ಸಿಗುವುದಿಲ್ಲ. ನನಗೆ ತುಂಬಾ ನೋವಾಗಿದ್ದು ಇದಕ್ಕೇ. ಇನ್ನೊಂದು ವಿಷಯ: ಎತ್ತರದ ಮಕ್ಕಳನ್ನು ಬೇಗನೇ ಬ್ಲಾಕ್‌ಗೆ, ಅಂದರೆ ನೆಟ್ ಬಳಿ ಹಾರಿ ಎದುರಿನ ಹೊಡೆತ ತಡೆಯುವುದಕ್ಕೆ, ಮೀಸಲಿಡುತ್ತಾರೆ. ಬರೀ ಹಾರಿ ಹಾರಿ ಮಂಡಿ ನೋವು ಶುರುವಾಗಬಹುದು. ಬೆಳೆಯುವ ವಯಸ್ಸಿನಲ್ಲಿ ಎಲ್ಲ ಜಾಗದಲ್ಲೂ ಆಡಿಸಬೇಕು.

ಮೂರನೆಯದು, ಮಟ್ಟ ನೋಡಿ ಮಾಡಿದ ಸಣ್ಣ ಗುಂಪು. ಕೋಚ್ ವಯಸ್ಸು ಕೇಳುವ ಮೊದಲು ಪಾಸ್, ಸರ್ವ್, ಸ್ಪೈಕ್‌ಗೆ ಓಡಿ ಬರುವ ಹೆಜ್ಜೆ ನೋಡಿದರು. ಪ್ರತಿ ಪಾಸ್‌ಗೆ ಸೊನ್ನೆಯಿಂದ ಮೂರರವರೆಗೆ ಅಂಕ ಕೊಟ್ಟರು. ಹೊಡೆಯುವವರಿಗೆ ಚೆಂಡು ಎತ್ತಿಕೊಡುವವಳು ಸೆಟ್ಟರ್. ಚೆಂಡು ಅವಳು ನಿಂತಲ್ಲಿಗೇ ಹೋಗಿ, ಅವಳು ಯಾರಿಗೆ ಬೇಕಾದರೂ ಸೆಟ್ ಕೊಡುವಂತಿದ್ದರೆ ಮೂರು. ಚೆಂಡು ಕೈಗೆ ತಾಗಿ ಹೊರಗೆ ಹೋದರೆ ಸೊನ್ನೆ. ದೊಡ್ಡವರ ತಂಡಗಳಲ್ಲೂ ಎದುರಿನ ಸರ್ವ್ ಎಷ್ಟು ಚೆನ್ನಾಗಿ ಪಾಸ್ ಆಯಿತು ಎಂದು ಅಳೆಯಲು ಇಂಥದ್ದೇ ಲೆಕ್ಕ ಬಳಸುತ್ತಾರೆ.

ಮಗಳಿಗೆ ಮೊದಲು ಕೈಯಿಂದ ಎಸೆದ ಚೆಂಡು. ಅದು ಸರಿಯಾದ ಮೇಲೆ ನೆಟ್‌ನಿಂದ 3 ಮೀಟರ್ ದೂರದ ಗೆರೆಯಿಂದ ಮೆಲ್ಲಗೆ ಸರ್ವ್, ಆಮೇಲೆ ಆ ಗೆರೆಗೂ ಹಿಂದಿನ ಗೆರೆಗೂ ನಡುವಿನಿಂದ, ಕೊನೆಗೆ ಹಿಂದಿನ ಗೆರೆಯಾಚೆಯಿಂದ. ಎಡವಿದರೆ ಒಂದು ಹೆಜ್ಜೆ ವಾಪಸ್. ಹೊಸಬರಿಗೆ ನೆಟ್ ತಗ್ಗಿಸಿ, ಹಗುರ ಚೆಂಡು ಕೊಟ್ಟರು. ಹೆಂಗಸರ ನೆಟ್ 2.24 ಮೀಟರ್, ನಿಯಮದ ಚೆಂಡು 260ರಿಂದ 280 ಗ್ರಾಂ. ಅದನ್ನೇ ಮೊದಲ ದಿನ ಕೊಟ್ಟರೆ ಮಕ್ಕಳು ಮುಂಗೈ ಕೆಂಪಾಗಿ ಚೆಂಡಿಗೇ ಹೆದರುತ್ತಾರೆ. ಕೊನೆಗೆ ಸಣ್ಣ ಅಂಕಣದಲ್ಲಿ ಇಬ್ಬರ ಎದುರು ಇಬ್ಬರ ಆಟ. ಇಲ್ಲಿ ಅಡಗಿಕೊಳ್ಳಲು ಜಾಗವೇ ಇಲ್ಲ. ಪಾಸ್, ಸೆಟ್, ಸ್ಪೈಕ್ ಎಲ್ಲವೂ ಎಲ್ಲರ ಪಾಲಿಗೆ ಬರುತ್ತದೆ. ಇದರ ಕೊರತೆ ಎಂದರೆ ಆರು ಜನರ ರೊಟೇಶನ್ ಇಲ್ಲಿ ಬರುವುದಿಲ್ಲ.

ಒಂದು ಮಗುವಿಗೆ ಒಬ್ಬರೇ ಕೋಚ್ ಕಲಿಸುವ ಕೋಚಿಂಗ್ ಕೂಡ ಇದೆ. ಸ್ಪೈಕ್‌ನ ಹೆಜ್ಜೆಯಂಥ ಒಂದೇ ತಪ್ಪು ತಿದ್ದಲು ಸಾಕು. ಅದೇ ಪೂರ್ತಿ ತರಬೇತಿ ಆಗಲಾರದು.

ನನ್ನ ಆಯ್ಕೆ ಸಣ್ಣ ಗುಂಪೇ. ನೀವು ಹುಡುಕುತ್ತಿದ್ದರೆ ಸೇರಿಸುವ ಮೊದಲು ಸುಮ್ನೆ ಒಂದು ಕಡೆ ಕೂತು ನೋಡಿ. ಚೆನ್ನಾಗಿ ಆಡುವ ಮಗುವನ್ನು ಬಿಡಿ, ನಿಮ್ಮ ಮಗುವಿನ ಮಟ್ಟದ ಒಬ್ಬರನ್ನು ಆರಿಸಿ, ಹತ್ತು ನಿಮಿಷದಲ್ಲಿ ಎಷ್ಟು ಸಲ ಚೆಂಡು ಮುಟ್ಟಿದರು ಎಂದು ಎಣಿಸಿ. ಮುಂದಿನ ಗುಂಪಿಗೆ ಯಾವಾಗ ಏರಿಸುತ್ತೀರಿ ಎಂದು ಕೋಚ್‌ರನ್ನು ಕೇಳಿ. "ಮುಂದಿನ ವರ್ಷ" ಎಂದರೆ ಇನ್ನೊಂದು ಕಡೆ ಹುಡುಕಿ. "ಓವರ್‌ಹ್ಯಾಂಡ್ ಸರ್ವ್ ಬಂದಾಗ ಚೆಂಡು ಸೆಟ್ಟರ್ ಹತ್ತಿರ ಹೋಗಬೇಕು" ಎಂಬಂಥ ಉತ್ತರ ಬಂದರೆ ಧೈರ್ಯವಾಗಿ ಸೇರಿಸಿ. ನನ್ನ ಮಗಳೂ ಅಷ್ಟು ಕಲಿತ ಮೇಲೆಯೇ ಮತ್ತೆ ತಂಡಕ್ಕೆ ಹೋಗುತ್ತಾಳೆ.