ಟೇಪ್ ಉದುರುವ ಸದ್ದು: ನಮ್ಮ ಬ್ಯಾಂಡ್ ಮೆಚ್ಚಿದ ಆಲ್ಬಮ್‌ಗಳು, 2000–2009

ನಮ್ಮದು ನಾಲ್ಕು ಜನರ ಬ್ಯಾಂಡ್. ನಾನು ಬೇಸ್ ಗಿಟಾರ್ ನುಡಿಸುತ್ತೇನೆ. ಒಂದು ದಿನ ಪ್ರಾಕ್ಟೀಸ್ ಮುಗಿಸಿ ಟೀ ಕುಡಿಯುವಾಗ ನಮ್ಮ ಡ್ರಮ್ಮರ್ ಮಾತು ಎತ್ತಿದ: 2000ದಿಂದ 2009ರವರೆಗೆ ಬಂದ ಇಂಡಿ (ದೊಡ್ಡ ಕಂಪನಿಯ ಹಂಗಿಲ್ಲದ), ಪ್ರಯೋಗದ ಆಲ್ಬಮ್‌ಗಳಲ್ಲಿ ನಾಲ್ಕೂ ಜನ ಒಪ್ಪುವಂಥದ್ದು ಯಾವುದು? ನಾಲ್ಕು ಭಾನುವಾರ ಕೂತು ಕೇಳಿದೆವು. ರೇಡಿಯೋಹೆಡ್‌ನ 'ಕಿಡ್ ಎ' ಎಲ್ಲರಿಗೂ ಇಷ್ಟ, ಆದರೆ ಅದರ ಹಿಂದೆ ದೊಡ್ಡ ಕಂಪನಿ ಇತ್ತು ಅಂತ ಬಿಟ್ಟೆವು.

ನನ್ನ ಮಟ್ಟಿಗೆ ಮೊದಲನೆಯದು ವಿಲಿಯಂ ಬಸಿನ್ಸ್ಕಿ ಅವರ 'ದಿ ಡಿಸಿಂಟಿಗ್ರೇಷನ್ ಲೂಪ್ಸ್'. 1980ರ ದಶಕದಲ್ಲಿ ಮಾಡಿಟ್ಟಿದ್ದ ಟೇಪ್ ಲೂಪ್‌ಗಳನ್ನು (ತುದಿ ಸೇರಿಸಿ ಬಳೆಯ ಹಾಗೆ ಮಾಡಿದ ತುಣುಕುಗಳನ್ನು) ಅವರು 2001ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಡಿಜಿಟಲ್‌ಗೆ ಇಳಿಸುತ್ತಿದ್ದರು. ಟೇಪ್ ಸುತ್ತುತ್ತಾ ಸುತ್ತುತ್ತಾ ಅದರ ಮೇಲಿನ, ಸದ್ದು ಹಿಡಿದಿಟ್ಟ ಲೇಪ ಉದುರತೊಡಗಿತು. ಅವರು ನಿಲ್ಲಿಸಲಿಲ್ಲ, ರೆಕಾರ್ಡ್ ಆಗಲಿ ಅಂತ ಬಿಟ್ಟರು. ಮೊದಲ ಭಾಗವೇ ಒಂದು ಗಂಟೆಗಿಂತ ಜಾಸ್ತಿ. ಕೆಲವೇ ಸೆಕೆಂಡಿನ ಅದೇ ರಾಗ ಮತ್ತೆ ಮತ್ತೆ ಬರುತ್ತದೆ. ಮೊದಲು ಏನೂ ಬದಲಾದಂತೆ ಅನಿಸುವುದಿಲ್ಲ. ಆಮೇಲೆ ಒಂದು ಕಡೆ ಸಣ್ಣ ತೂತು. ಇನ್ನೊಂದು ಸುತ್ತಿಗೆ ತೂತು ಅಗಲ. ಕೊನೆಗೆ ಸ್ವರಕ್ಕಿಂತ ಖಾಲಿ ಜಾಗವೇ ಹೆಚ್ಚು.

ಹೊನ್ನಾವರದ ಕಡೆ ನಮ್ಮ ಮನೆಯಲ್ಲಿ ಅಜ್ಜ ರೆಕಾರ್ಡ್ ಮಾಡಿಟ್ಟಿದ್ದ ತಾಳಮದ್ದಲೆ ಕ್ಯಾಸೆಟ್‌ಗಳಿದ್ದವು. ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತಿತ್ತು. ಹಾಕಿದಾಗೆಲ್ಲ ಟೇಪ್ ರೆಕಾರ್ಡರಿನ ಹೆಡ್ ಮೇಲೆ ಕಂದು ಪುಡಿ ಕೂರುತ್ತಿತ್ತು. ಹತ್ತಿಗೆ ಸ್ಪಿರಿಟ್ ಹಚ್ಚಿ ಅದನ್ನು ಒರೆಸುವುದು ನನ್ನ ಕೆಲಸ. ಭಾಗವತರ ದನಿ ವರ್ಷ ವರ್ಷಕ್ಕೂ ಮಂಕಾಗುತ್ತಿತ್ತು. ನಾನು ಒರೆಸಿ ಎಸೆಯುತ್ತಿದ್ದ ಆ ಪುಡಿಯಲ್ಲೇ ಅವರ ಹಾಡು ಇತ್ತು ಅಂತ ಹೊಳೆದದ್ದು ಬಸಿನ್ಸ್ಕಿ ಅವರನ್ನು ಕೇಳಿದ ದಿನ. ಅವತ್ತು ಊರಿಗೆ ಫೋನ್ ಮಾಡಿ, ಉಳಿದ ಕ್ಯಾಸೆಟ್ ಯಾರೂ ಹಾಕಬೇಡಿ ಅಂತ ಹೇಳಿದೆ.

ಬಸಿನ್ಸ್ಕಿ ಅವರ ಈ ಕೆಲಸ ಮುಗಿಯುವ ಹೊತ್ತಿಗೆ ನ್ಯೂಯಾರ್ಕಿನ ಮೇಲೆ ಸೆಪ್ಟೆಂಬರ್ 11ರ ದಾಳಿ ನಡೆಯಿತು. ಅವರು ತಾರಸಿಯಿಂದ ಹೊಗೆ ನೋಡುತ್ತಾ ಇದನ್ನೇ ಕೇಳಿದರು, ಆಲ್ಬಮ್ಮನ್ನು ಸತ್ತವರಿಗೆ ಅರ್ಪಿಸಿದರು.

ನಮ್ಮ ಗಿಟಾರಿಸ್ಟ್ ಆಯ್ಕೆ ಐಸ್‌ಲ್ಯಾಂಡಿನ ಸಿಗುರ್ ರೋಸ್ ಬ್ಯಾಂಡಿನ 2002ರ ಆಲ್ಬಮ್. ಅದಕ್ಕೆ ಹೆಸರಿಲ್ಲ, ಬರೀ ಒಂದು ಜೊತೆ ಖಾಲಿ ಬ್ರಾಕೆಟ್. ಎಂಟು ಹಾಡಿಗೂ ಹೆಸರಿಲ್ಲ. ಹಾಡಿದ ಮಾತಿಗೆ ಅರ್ಥವೂ ಇಲ್ಲ, ಬಾಯಿಗೆ ಬಂದ ಸದ್ದು. ಜೊತೆಗೆ ಬರುವ ಪುಟಗಳೂ ಖಾಲಿ. ಬ್ಯಾಂಡಿನ ಗಾಯಕ ಯೋನ್ಸಿ ಚೆಲ್ಲೋ ಕಮಾನಿನಿಂದ ಗಿಟಾರ್ ಉಜ್ಜುತ್ತಾರೆ. ಹಳೆಯ ಈಜುಕೊಳವೊಂದನ್ನು ಸ್ಟುಡಿಯೋ ಮಾಡಿಕೊಂಡು ಅಲ್ಲಿ ರೆಕಾರ್ಡ್ ಮಾಡಿದ್ದಾರೆ. ಹೆಡ್‌ಫೋನ್‌ನಲ್ಲಿ ಕೇಳಿದರೆ ಆ ಎತ್ತರದ ಗೋಡೆಗಳ ಪ್ರತಿಧ್ವನಿ ಇದರಲ್ಲಿದೆ ಅನಿಸುತ್ತದೆ. ಎರಡನೇ ಅರ್ಧ ತುಂಬಾ ಭಾರ. ಬೆಳಗ್ಗೆ ಕೇಳಬೇಡಿ.

ಬಾನ್ ಇವೇರ್ ಅವರ 'ಫಾರ್ ಎಮ್ಮಾ, ಫಾರೆವರ್ ಅಗೋ' ಮೇಲೆ ಜಗಳ ಆಯಿತು. ಬಾನ್ ಇವೇರ್ ಹೆಸರಿನಲ್ಲಿ ಹಾಡುವ ಜಸ್ಟಿನ್ ವರ್ನನ್ ಅಮೆರಿಕದ ವಿಸ್ಕಾನ್ಸಿನ್‌ನ ಕಾಡಿನಲ್ಲಿ ಅಪ್ಪನ ಬೇಟೆ ಮನೆಯಲ್ಲಿ ಒಂದು ಚಳಿಗಾಲ ಒಬ್ಬರೇ ಕೂತು ಬಹುಪಾಲು ರೆಕಾರ್ಡ್ ಮಾಡಿದ ಒಂಬತ್ತು ಹಾಡು. 2007ರಲ್ಲಿ ಸ್ವಂತವಾಗಿ ಹೊರತಂದರು. ತುಂಬಾ ಮೆತ್ತಗಿದೆ ಅಂದ ಡ್ರಮ್ಮರ್. ನಾನು ಒಪ್ಪುವುದಿಲ್ಲ. ತಮ್ಮದೇ ದನಿಯನ್ನು ಪದರ ಪದರವಾಗಿ ಪೇರಿಸಿದ್ದಾರೆ, ಒಬ್ಬನೇ ಮನುಷ್ಯ ಒಂದು ಭಜನೆ ಮೇಳ ಆದ ಹಾಗೆ. ಮೆತ್ತಗಿನದಕ್ಕೂ ಇಷ್ಟು ಬಲ ಇರುತ್ತದೆ ಅಲ್ವಾ?

ಮಾಂಟ್ರಿಯಲ್‌ನ ಗಾಡ್‌ಸ್ಪೀಡ್ ಯು! ಬ್ಲ್ಯಾಕ್ ಎಂಪರರ್ ಬ್ಯಾಂಡಿನ 2000ದ ಜೋಡಿ ಆಲ್ಬಮ್‌ಗೆ ಯಾರೂ ತಕರಾರು ಮಾಡಲಿಲ್ಲ. ನಾಲ್ಕೇ ಟ್ರ್ಯಾಕ್, ಸುಮಾರು 87 ನಿಮಿಷ.

ಕೇಳುವವರಿಗೆ ಒಂದು ಮಾತು. ಫೋನ್‌ನಲ್ಲಿ ಷಫಲ್ ಆಫ್ ಮಾಡಿ. ಸಿಗುರ್ ರೋಸ್‌ನಲ್ಲಿ ನಾಲ್ಕನೇ ಹಾಡಾದ ಮೇಲೆ 36 ಸೆಕೆಂಡ್ ಪೂರ್ತಿ ಮೌನ ಬರುತ್ತದೆ. ಫೋನ್ ಮುಟ್ಟದೆ ಸುಮ್ನೆ ಕೂತಿರಿ, ಐದನೆಯದು ಬರುತ್ತದೆ.